ಡಾ. ಹೋಮಿ ಭಾಭಾ: ಗಾಳಿಯ ಭಾರ, ಗಿರಿಯ ಎತ್ತರ

ಆಧುನಿಕ ಭಾರತದ ವಿಜ್ಞಾನ ಚರಿತ್ರೆಯಲ್ಲಿ ಡಾ. ಹೋಮಿ ಜಹಾಂಗೀರ್ ಭಾಭಾ ಅವರ ಹೆಸರು ಚಿರಸ್ಥಾಯಿಯಾದುದು. ಪರಮಾಣು ಶಕ್ತಿಯ ಮಾತು ಬಂದೊಡನೆ ಅವರ ನೆನಪಾಗುವುದು ಸಹಜವೇ ಆಗಿದೆ. ಆದರೆ ಆ ಮಹಾಕಾರ್ಯಕ್ಕೆ ಕೈಹಾಕುವ ಮುನ್ನ ಅವರು ಬೆಂಗಳೂರಿನಲ್ಲಿ ಕಳೆದ ವರ್ಷಗಳು, ಅಲ್ಲಿ ಅವರು ಕೈಗೊಂಡ ಸಂಶೋಧನೆ, ಆ ಸಂಶೋಧನೆಗೆ ಅಡಿಪಾಯವಾಗಿದ್ದ ಅಳತೆಯ ಶಿಸ್ತು, ಇವುಗಳ ಪರಿಚಯ ಎಲ್ಲರಿಗೂ ಇಲ್ಲ. ಗಾಳಿಯ ಒತ್ತಡದಿಂದ ಎತ್ತರವನ್ನು ಅರಿಯುವುದು, ಅರಿತುದನ್ನು ಒತ್ತಡ ಮತ್ತು ಉಷ್ಣತೆಗಳಿಗೆ ತಕ್ಕಂತೆ ತಿದ್ದಿಕೊಳ್ಳುವುದು ಆ ಶಿಸ್ತಿನ ಮುಖ್ಯ ಭಾಗವಾಗಿತ್ತು. ಇದೇ ವಿದ್ಯೆ ವಿಮಾನ ಚಾಲಕನಿಗೂ ಬೆಟ್ಟಗಳನ್ನು ದಾಟಲು ಬೇಕು. ಅಂತಹ ಅಳತೆಯಲ್ಲಿ ನಿಷ್ಣಾತರಾಗಿದ್ದ ವಿಜ್ಞಾನಿಯೊಬ್ಬರು ವಿಮಾನವೊಂದು ಹಿಮಶಿಖರಕ್ಕೆ ಅಪ್ಪಳಿಸಿ ಅಸುನೀಗಿದುದು ವಿಧಿಯ ವಿಪರ್ಯಾಸವೆಂದೇ ಹೇಳಬೇಕು.

ಮನೆತನ ಮತ್ತು ವಿದ್ಯಾಭ್ಯಾಸ

ಹೋಮಿ ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಸುಸಂಸ್ಕೃತ ಪಾರ್ಸಿ ಮನೆತನದಲ್ಲಿ ಜನಿಸಿದರು. ಹುಟ್ಟೂರು ಮುಂಬಯಿಯಾದರೂ ಮನೆತನಕ್ಕೆ ಮೈಸೂರು ಸಂಸ್ಥಾನದ ನಂಟು ಗಾಢವಾಗಿತ್ತು. ಅವರ ತಾತ, ಅವರದೇ ಹೆಸರಿನ ಡಾ. ಹೋರ್ಮಸ್‌ಜಿ ಭಾಭಾ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಅವರು ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ, ನ್ಯಾಯವಾದಿಗಳಾದವರು. ಸೋದರತ್ತೆ ಮೆಹರ್‌ಬಾಯಿ ಅವರು ಸರ್ ದೊರಾಬ್‌ಜಿ ಟಾಟಾ ಅವರ ಧರ್ಮಪತ್ನಿ. ಹೀಗೆ ವಿದ್ಯೆ, ಉದ್ಯಮ, ದಾನ ಈ ಮೂರರ ವಾತಾವರಣದಲ್ಲಿ ಬಾಲಕ ಹೋಮಿ ಬೆಳೆದರು. ಪುಸ್ತಕ, ಚಿತ್ರಕಲೆ ಮತ್ತು ಪಾಶ್ಚಾತ್ಯ ಸಂಗೀತಗಳಲ್ಲಿ ಅವರಿಗೆ ಎಳವೆಯಿಂದಲೂ ಅಪಾರ ಆಸಕ್ತಿ.

ಮುಂಬಯಿಯ ಕೆಥೆಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು ಮತ್ತು ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗಳಲ್ಲಿ ಓದಿದ ನಂತರ 1927ರಲ್ಲಿ ಅವರು ಕೇಂಬ್ರಿಜ್‌ಗೆ ತೆರಳಿದರು. ಮಗನು ಯಂತ್ರಶಾಸ್ತ್ರವನ್ನು ಕಲಿತು ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಗೆ ಸೇರಬೇಕೆಂಬುದು ಹಿರಿಯರ ಅಭಿಲಾಷೆ. ಮಗನ ಮನಸ್ಸಾದರೋ ಭೌತವಿಜ್ಞಾನದತ್ತ ಒಲಿದಿತ್ತು. ಯಂತ್ರಶಾಸ್ತ್ರದ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂದರೆ ಮುಂದೆ ಗಣಿತವನ್ನು ಓದಲು ಅಡ್ಡಿಯಿಲ್ಲವೆಂದು ತಂದೆ ಒಪ್ಪಿದರು. 1930ರಲ್ಲಿ ಹೋಮಿ ಪ್ರಥಮ ದರ್ಜೆಯಲ್ಲಿಯೇ ತೇರ್ಗಡೆಯಾದರು, ತಂದೆಯೂ ಕೊಟ್ಟ ಮಾತನ್ನು ನಡೆಸಿಕೊಟ್ಟರು. ಹಿರಿಯರ ಮಾತಿಗೆ ಮನ್ನಣೆಯಿತ್ತು, ತನ್ನ ಒಲವನ್ನೂ ಬಿಡದೆ ಮುಂದುವರಿದ ಈ ಪ್ರಸಂಗ ವಿದ್ಯಾರ್ಥಿಗಳಿಗೂ ತಂದೆತಾಯಿಗಳಿಗೂ ಒಂದು ಪಾಠವಾಗಿದೆ.

ಡಿರಾಕ್ ಅವರ ಕೇಂಬ್ರಿಜ್, ಪೌಲಿ ಅವರ ಜ್ಯೂರಿಚ್, ಫರ್ಮಿ ಅವರ ರೋಮ್, ನೀಲ್ಸ್ ಬೋರ್ ಅವರ ಕೋಪನ್‌ಹೇಗನ್, ಹೀಗೆ ಅಂದಿನ ಭೌತವಿಜ್ಞಾನದ ಪುಣ್ಯಕ್ಷೇತ್ರಗಳಲ್ಲೆಲ್ಲ ಅವರು ಸಂಚರಿಸಿ ಅಧ್ಯಯನ ನಡೆಸಿದರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ಘರ್ಷಣೆಯನ್ನು ಕುರಿತ ಅವರ ಸಿದ್ಧಾಂತಕ್ಕೆ ಇಂದಿಗೂ ಅವರದೇ ಹೆಸರಿದೆ. 1937ರಲ್ಲಿ ಹೈಟ್ಲರ್ ಅವರೊಡಗೂಡಿ, ಬಾಹ್ಯಾಕಾಶದಿಂದ ಬಂದ ಒಂದೇ ಒಂದು ಕಣವು ವಾಯುಮಂಡಲದಲ್ಲಿ ಸಾವಿರಾರು ಕಣಗಳ ಸುರಿಮಳೆಯಾಗುವ ಬಗೆಯನ್ನು ಅವರು ಗಣಿತದಿಂದ ವಿವರಿಸಿದರು. ವಿಶ್ವಕಿರಣಗಳ ಅಧ್ಯಯನದಲ್ಲಿ ಇದೊಂದು ಮೈಲಿಗಲ್ಲು.

ಬೆಂಗಳೂರಿನ ವರ್ಷಗಳು

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದ ಭಾಭಾ ಅವರು, ಮಹಾಯುದ್ಧ ಆರಂಭವಾದ ಕಾರಣ ಇಂಗ್ಲೆಂಡಿಗೆ ಮರಳದೆ ಇಲ್ಲಿಯೇ ನಿಂತರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ ಅವರನ್ನು ಬರಮಾಡಿಕೊಂಡಿತು. ಸರ್ ಸಿ. ವಿ. ರಾಮನ್ ಅವರು ಅಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಕಾಲವದು. ಸರ್ ದೊರಾಬ್‌ಜಿ ಟಾಟಾ ಟ್ರಸ್ಟಿನ ನೆರವಿನಿಂದ ವಿಶ್ವಕಿರಣ ಸಂಶೋಧನೆಯ ಘಟಕವೊಂದು ಸ್ಥಾಪಿತವಾಗಿ, ಭಾಭಾ ಅವರು ಅದರ ಹೊಣೆ ಹೊತ್ತರು. 1941ರಲ್ಲಿ, ಮೂವತ್ತೊಂದರ ಹರೆಯದಲ್ಲಿಯೇ, ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಗೊಂಡರು. ವಿಜ್ಞಾನ ಮತ್ತು ಕಲೆಗಳೆರಡೂ ಅವರಲ್ಲಿ ಮೇಳೈಸಿದ್ದುದನ್ನು ಕಂಡ ರಾಮನ್ ಅವರು ಅವರನ್ನು ಇಟಲಿಯ ಲಿಯೊನಾರ್ಡೊ ಡ ವಿಂಚಿಗೆ ಹೋಲಿಸಿದುದುಂಟು. ವಿಕ್ರಮ್ ಸಾರಾಭಾಯಿ ಅವರೂ ಅದೇ ಕಾಲದಲ್ಲಿ ಅಲ್ಲಿಯೇ ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದ್ದರು. ದೇಶದ ಪರಮಾಣು ಮತ್ತು ಬಾಹ್ಯಾಕಾಶ ಕಾರ್ಯಗಳ ಇಬ್ಬರು ಶಿಲ್ಪಿಗಳು ಒಂದೇ ಆವರಣದಲ್ಲಿ ದುಡಿದ ಭಾಗ್ಯ ಬೆಂಗಳೂರಿನದು.

ಬೆಂಗಳೂರು ಈ ಅಧ್ಯಯನಕ್ಕೆ ಎರಡು ಕಾರಣಗಳಿಂದ ಪ್ರಶಸ್ತ ಸ್ಥಳವಾಗಿತ್ತು. ಮೊದಲನೆಯದು, ಅದು ಭೂಕಾಂತೀಯ ವಿಷುವದ್ರೇಖೆಗೆ ಬಹು ಸಮೀಪದಲ್ಲಿರುವುದು. ಅಲ್ಲಿ ಭೂಮಿಯ ಕಾಂತಕ್ಷೇತ್ರವು ದುರ್ಬಲ ಕಣಗಳನ್ನು ಹೊರಗೇ ತಡೆದು ಪ್ರಬಲ ಕಣಗಳನ್ನು ಮಾತ್ರ ಒಳಬಿಡುತ್ತದೆ. ಎರಡನೆಯದು, ಯುದ್ಧದ ನಿಮಿತ್ತ ಅಮೆರಿಕದ ವಾಯುದಳದ ವಿಮಾನಗಳು ಆಗ ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದವು. 1940ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಆ ವಿಮಾನಗಳ ದುರಸ್ತಿಯ ಕೇಂದ್ರವಾಗಿತ್ತು. ಭಾಭಾ ಅವರೂ ಎಸ್. ವಿ. ಚಂದ್ರಶೇಖರ ಅಯ್ಯ ಮೊದಲಾದ ಅವರ ಸಹೋದ್ಯೋಗಿಗಳೂ ತಮ್ಮ ಉಪಕರಣಗಳನ್ನು ಅಮೆರಿಕದ ವಿಮಾನದಲ್ಲಿರಿಸಿ, ಸುಮಾರು 30,000 ಅಡಿಗಳ ಎತ್ತರದವರೆಗೆ ಮೆಸಾನ್ ಕಣಗಳನ್ನು ಎಣಿಸಿದರು. ಈ ಕಾರ್ಯದ ಫಲಿತಾಂಶಗಳು 1945ರಲ್ಲಿ ಪ್ರಕಟವಾದವು.

ಒತ್ತಡದಿಂದ ಎತ್ತರ

ಈ ಎಣಿಕೆಗೆ ಅರ್ಥ ಬರಬೇಕಾದರೆ ವಿಮಾನವು ಎಷ್ಟು ಎತ್ತರದಲ್ಲಿತ್ತು, ಅದರ ಮೇಲೆ ಇನ್ನೆಷ್ಟು ಗಾಳಿ ಉಳಿದಿತ್ತು ಎಂಬುದು ತಿಳಿಯಬೇಕು. ಗಾಳಿಗೆ ತೂಕವಿದೆಯೆಂಬುದನ್ನೂ ಮೇಲೇರಿದಂತೆ ಆ ತೂಕ ಇಳಿಯುವುದೆಂಬುದನ್ನೂ ಜಗತ್ತು ಕಣ್ಣಾರೆ ಕಂಡದ್ದು 1648ರಲ್ಲಿ. ಪಾಸ್ಕಲ್‌ನ ಸೂಚನೆಯಂತೆ ಅವನ ಭಾವ ಪೆರಿಯೆ ಎಂಬಾತನು ಫ್ರಾನ್ಸಿನ ಪ್ಯೂಯಿ ದ ದೋಮ್ ಬೆಟ್ಟಕ್ಕೆ ಪಾದರಸದ ಕೊಳವೆಯನ್ನು ಒಯ್ದಾಗ, ಶಿಖರದಲ್ಲಿ ಪಾದರಸವು ಸುಮಾರು ಮೂರು ಅಂಗುಲ ಕೆಳಗಿಳಿದಿತ್ತು. ವಿಮಾನದ ಎತ್ತರಮಾಪಕ, ಅಂದರೆ ಆಲ್ಟಿಮೀಟರ್, ಇದೇ ತತ್ತ್ವದ ಮೇಲೆ ನಿಂತಿದೆ. ಅದು ವಾಸ್ತವವಾಗಿ ಎತ್ತರವನ್ನು ಅಳೆಯುವುದೇ ಇಲ್ಲ. ಗಾಳಿಯ ಒತ್ತಡವನ್ನು ಅಳೆದು, ಆ ಒತ್ತಡಕ್ಕೆ ಇಷ್ಟು ಎತ್ತರವಿರಬೇಕೆಂಬ ಒಂದು ಕಲ್ಪಿತ ಲೆಕ್ಕವನ್ನು ಮುಳ್ಳಿನಲ್ಲಿ ತೋರಿಸುತ್ತದೆ, ಅಷ್ಟೆ. ಆ ಲೆಕ್ಕದ ಪ್ರಕಾರ ಸಮುದ್ರಮಟ್ಟದಲ್ಲಿ ಒತ್ತಡ 1013.25 ಮಿಲಿಬಾರ್, ಉಷ್ಣತೆ 15 ಡಿಗ್ರಿ ಸೆಲ್ಸಿಯಸ್, ಮೇಲೇರಿದಂತೆ ಪ್ರತಿ 1,000 ಅಡಿಗೆ ಸುಮಾರು 2 ಡಿಗ್ರಿಯ ಇಳಿತ. ನಿಜವಾದ ಗಾಳಿಯು ಈ ಲೆಕ್ಕಕ್ಕೆ ಸರಿಯಾಗಿ ಹೊಂದುವ ದಿನ ಅಪರೂಪ.

ಹೆಬ್ಬಗೋಡಿಯ ಶಾಲೆಯ ಅಂಗಳವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೆಂಗಳೂರು ಪ್ರಸ್ಥಭೂಮಿಯ ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ವಾಯುಮಂಡಲದ ಸುಮಾರು ಹತ್ತನೆಯ ಒಂದು ಭಾಗ ಈಗಾಗಲೇ ಇಲ್ಲಿನವರ ಪಾದಗಳ ಕೆಳಮಟ್ಟದಲ್ಲಿ ಉಳಿದಿದೆ. ಮಂಗಳೂರಿನ ಕಡಲತೀರದಲ್ಲಿ ಸೊನ್ನೆಗೆ ಹೊಂದಿಸಿದ ಎತ್ತರಮಾಪಕವನ್ನು ಇಲ್ಲಿಗೆ ತಂದರೆ ಅದು 3,000 ಅಡಿಗಳ ಆಸುಪಾಸಿನಲ್ಲಿ ನಿಲ್ಲುತ್ತದೆ. ಇನ್ನು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇಲ್ಲಿಯ ಒತ್ತಡವೂ 5 ಮಿಲಿಬಾರಿನಷ್ಟು ಇಳಿಯಿತೆನ್ನಿ, ಅಂಗಳದಲ್ಲಿ ಅಲುಗಾಡದೆ ಕುಳಿತ ಅದೇ ಮಾಪಕವು ತಾನು ಸುಮಾರು 150 ಅಡಿ ಮೇಲೇರಿದೆನೆಂದು ತೋರಿಸುತ್ತದೆ. ಅಂಗಳವಾಗಲಿ ಮಾಪಕವಾಗಲಿ ಮೇಲೇರಿಲ್ಲ. ಇಳಿದದ್ದು ಗಾಳಿಯ ಭಾರ ಮಾತ್ರ. ಆದುದರಿಂದಲೇ ವಿಮಾನವು ನಿಲ್ದಾಣವನ್ನು ಸಮೀಪಿಸುವಾಗ ಆ ಸ್ಥಳದ ಆ ಹೊತ್ತಿನ ಒತ್ತಡವನ್ನು ನೆಲದಿಂದ ಕೇಳಿ ತಿಳಿದು, ಮಾಪಕವನ್ನು ಅದಕ್ಕೆ ಹೊಂದಿಸಿಕೊಳ್ಳುವ ಪದ್ಧತಿಯಿದೆ. ಮೇಲೆ ದೂರ ಪಯಣಿಸುವಾಗ ಮಾತ್ರ ಎಲ್ಲ ವಿಮಾನಗಳೂ 1013 ಮಿಲಿಬಾರನ್ನೇ ಇಟ್ಟುಕೊಳ್ಳುತ್ತವೆ. ಎಲ್ಲರ ತಪ್ಪೂ ಒಂದೇ ಸಮನಾಗಿರುವುದರಿಂದ ಅವು ಪರಸ್ಪರ ಡಿಕ್ಕಿಯಾಗುವುದು ತಪ್ಪುತ್ತದೆ. ಆದರೆ ಬೆಟ್ಟಕ್ಕೆ ಮಾಪಕವಿಲ್ಲ. ಅದು ತನ್ನ ನಿಜವಾದ ಎತ್ತರದಲ್ಲಿಯೇ ನಿಂತಿರುತ್ತದೆ.

ಉಷ್ಣತೆಯ ಪರಿಣಾಮ ಇನ್ನೂ ಸೂಕ್ಷ್ಮವಾದುದು. ಬೆಚ್ಚನೆಯ ಗಾಳಿ ಹಿಗ್ಗುತ್ತದೆ. ಹಿಗ್ಗಿದಾಗ ಒಂದೊಂದು ಒತ್ತಡದ ಪದರವೂ ಮೇಲಕ್ಕೆ ಸರಿಯುತ್ತದೆ. ಹಾಗಾಗಿ ದಕ್ಷಿಣ ಭಾರತದ ಬೆಚ್ಚನೆಯ ಆಕಾಶದಲ್ಲಿ ವಿಮಾನವು ಸಾಮಾನ್ಯವಾಗಿ ಮುಳ್ಳು ತೋರಿಸುವುದಕ್ಕಿಂತ ಮೇಲೆಯೇ ಇರುತ್ತದೆ. ಚಳಿನಾಡಿನ ಮಾಗಿಯಲ್ಲಿ ಗಾಳಿ ಕುಗ್ಗಿ ಪದರಗಳು ಕೆಳಗೆ ಜಾರುತ್ತವೆ. ಅಲ್ಲಿ ವಿಮಾನವು ಮುಳ್ಳು ತೋರಿಸುವುದಕ್ಕಿಂತ ಕೆಳಗಿರುತ್ತದೆ. ಗಾಳಿಯು ಲೆಕ್ಕಕ್ಕಿಂತ 10 ಡಿಗ್ರಿ ತಣ್ಣಗಿದ್ದರೆ ಎತ್ತರದಲ್ಲಿ ನೂರಕ್ಕೆ ಸುಮಾರು 4ರಷ್ಟನ್ನು ಕಳೆಯಬೇಕೆಂಬುದು ಚಾಲಕರ ಸ್ಥೂಲ ಸೂತ್ರ. ಮುಳ್ಳು 19,000 ಅಡಿ ತೋರಿಸುವಾಗ ಇದೊಂದರಿಂದಲೇ ಸುಮಾರು 760 ಅಡಿ ಕಡಿಮೆಯಾಗುತ್ತದೆ. ಸಮುದ್ರಮಟ್ಟದ ಒತ್ತಡವೂ 10 ಮಿಲಿಬಾರ್ ಕಡಿಮೆಯಿದ್ದಲ್ಲಿ ಇನ್ನೊಂದು 270 ಅಡಿ ಕಳೆಯಬೇಕು. ಅಲ್ಲಿಗೆ ಸಾವಿರ ಅಡಿಗಳಷ್ಟು ಆಧಾರವೇ ಇಲ್ಲದಂತಾಯಿತು. ಪರ್ವತ ಪ್ರದೇಶದಲ್ಲಿ ಅತ್ಯುನ್ನತ ಶಿಖರಕ್ಕಿಂತ ಕನಿಷ್ಠ 2,000 ಅಡಿ ಮೇಲಿರಬೇಕೆಂಬ ನಿಯಮವನ್ನು ಪಾಲಿಸುವವನು ಆ 2,000 ಅಡಿಗಳಲ್ಲಿ ಅರ್ಧವನ್ನು ತನಗರಿವಿಲ್ಲದೆಯೇ ಕಳೆದುಕೊಂಡಿರಬಹುದು. ಚಳಿಗಾಲದಲ್ಲಿ ಬೆಟ್ಟ ದಾಟುವ ಮುನ್ನ ಈ ತಿದ್ದುಪಡಿಯನ್ನು ಲೆಕ್ಕಹಾಕಿ, ಅಷ್ಟು ಎತ್ತರವನ್ನು ಕೂಡಿಸಿಕೊಳ್ಳಬೇಕಾದುದು ಅದಕ್ಕಾಗಿಯೇ.

ವಿಶ್ವಕಿರಣಗಳನ್ನು ಎಣಿಸುವವರಿಗೂ ಇದೇ ಎರಡು ತಿದ್ದುಪಡಿಗಳು ಅನಿವಾರ್ಯ. ಮೆಸಾನುಗಳು ವಾಯುಮಂಡಲದ ಮೇಲ್ಪದರಗಳಲ್ಲಿ ಹುಟ್ಟಿ, ಕ್ಷಣಾರ್ಧಕ್ಕಿಂತಲೂ ಎಷ್ಟೋ ಪಾಲು ಅಲ್ಪಕಾಲ ಬಾಳಿ, ನೆಲದತ್ತ ಧಾವಿಸುವ ಕಣಗಳು. ವೇಗವಾಗಿ ಚಲಿಸುವ ಇಂಥ ಕಣದ ಆಯುಸ್ಸು ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತಕ್ಕೆ ಅನುಗುಣವಾಗಿ ದೀರ್ಘವಾಗಿ ಕಾಣಬೇಕೆಂಬುದನ್ನು 1938ರಲ್ಲಿ ತೋರಿಸಿಕೊಟ್ಟವರಲ್ಲಿ ಭಾಭಾ ಅವರೂ ಒಬ್ಬರು. ನೆಲದ ಮೇಲೆ ಗಾಳಿಯ ಒತ್ತಡ ಹೆಚ್ಚಿದ ದಿನ ಕಣಗಳು ಹೆಚ್ಚು ಗಾಳಿಯನ್ನು ತೂರಿ ಬರಬೇಕಾದುದರಿಂದ ಎಣಿಕೆ ತಗ್ಗುತ್ತದೆ. ಗಾಳಿ ಬೆಚ್ಚಗಾಗಿ ಮೇಲ್ಪದರಗಳು ಇನ್ನೂ ಮೇಲೆ ಸರಿದ ದಿನ ದಾರಿ ಉದ್ದವಾಗಿ, ನಡುದಾರಿಯಲ್ಲಿಯೇ ಅಳಿಯುವ ಕಣಗಳು ಹೆಚ್ಚಾಗುತ್ತವೆ. ವಿಮಾನದ ಮುಳ್ಳನ್ನು ದಾರಿ ತಪ್ಪಿಸುವ ಅದೇ ಗಾಳಿ ಇಲ್ಲಿಯೂ ಎಣಿಕೆಯನ್ನು ದಾರಿ ತಪ್ಪಿಸುತ್ತದೆ. ಒತ್ತಡಕ್ಕೂ ಉಷ್ಣತೆಗೂ ತಿದ್ದದ ಅಂಕಿಯನ್ನು ವಿಜ್ಞಾನಿಯು ಸತ್ಯವೆಂದು ಸ್ವೀಕರಿಸಲಾರ.

ಈ ಪ್ರಯೋಗಗಳಲ್ಲಿ ಇನ್ನೊಂದು ಕಟ್ಟುಪಾಡೂ ಇತ್ತು. ಒಂದೇ ಎಣಿಕೆಯ ನಳಿಕೆ ಮಿಡಿದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಒಂದರ ಕೆಳಗೊಂದರಂತೆ ಸಾಲಾಗಿ ಇರಿಸಿದ ನಳಿಕೆಗಳೆಲ್ಲ ಒಂದೇ ಕ್ಷಣದಲ್ಲಿ ಮಿಡಿದಾಗ ಮಾತ್ರ ಕಣವೊಂದು ಹಾದುಹೋಯಿತೆಂದು ನಿರ್ಣಯ. ಒಂದೇ ಸಾಕ್ಷಿಯ ಮಾತನ್ನು ನಂಬದೆ, ಎರಡನೆಯ ಸಾಕ್ಷಿ ಹೌದೆಂದ ಬಳಿಕವೇ ಒಪ್ಪುವ ನ್ಯಾಯ ಇದು. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ತರುಣರು ಕಲಿತ ಮುಖ್ಯ ಪಾಠಗಳಲ್ಲಿ ಇದೂ ಒಂದು.

ಸಂಸ್ಥೆಗಳ ನಿರ್ಮಾಣ

1944ರ ಮಾರ್ಚ್ 12ರಂದು ಭಾಭಾ ಅವರು ಟಾಟಾ ಟ್ರಸ್ಟಿಗೆ ಪತ್ರ ಬರೆದು, ಮೂಲಭೂತ ಸಂಶೋಧನೆಗಾಗಿ ಸಂಸ್ಥೆಯೊಂದು ಬೇಕೆಂದು ನಿವೇದಿಸಿದರು. ಮುಂದೆ ಪರಮಾಣು ಶಕ್ತಿಯನ್ನು ಬಳಸುವ ಕಾಲ ಬಂದಾಗ ದೇಶವು ತಜ್ಞರಿಗಾಗಿ ಹೊರಗೆ ಕೈಚಾಚಬೇಕಾಗದೆ ಅವರು ಇಲ್ಲಿಯೇ ಸಿದ್ಧರಿರಬೇಕೆಂಬುದು ಅವರ ಆಶಯ. ಹಿರೋಶಿಮಾದ ದುರಂತಕ್ಕೆ ಒಂದು ವರ್ಷಕ್ಕೂ ಹಿಂದಿನ ಮಾತಿದು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಬೆಂಗಳೂರಿನ ವಿಜ್ಞಾನ ಮಂದಿರದ ಆವರಣದಲ್ಲಿಯೇ ಕಾರ್ಯಾರಂಭ ಮಾಡಿತು. ವರ್ಷಾಂತ್ಯದೊಳಗೆ ಮುಂಬಯಿಗೆ ಸ್ಥಳಾಂತರಗೊಂಡಿತು.

1948ರಲ್ಲಿ ಪರಮಾಣು ಶಕ್ತಿ ಆಯೋಗ ರಚನೆಯಾದಾಗ ಭಾಭಾ ಅವರೇ ಅದರ ಅಧ್ಯಕ್ಷರಾದರು. 1954ರಲ್ಲಿ ಟ್ರಾಂಬೆಯ ಸಂಸ್ಥೆ ಸ್ಥಾಪಿತವಾಯಿತು. 1956ರ ಆಗಸ್ಟ್ 4ರಂದು ಅಲ್ಲಿಯ ಅಪ್ಸರಾ ರಿಯಾಕ್ಟರ್ ಚಾಲನೆಗೊಂಡಿತು. 1955ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯು ನಡೆಸಿದ, ಪರಮಾಣು ಶಕ್ತಿಯ ಶಾಂತಿಯುತ ಬಳಕೆಯನ್ನು ಕುರಿತ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಷ್ಟೆಲ್ಲ ಹೊಣೆಗಳ ನಡುವೆಯೂ ಅವರು ಚಿತ್ರ ಬರೆಯುವುದನ್ನು ಬಿಡಲಿಲ್ಲ, ಸಂಗೀತವನ್ನು ಮರೆಯಲಿಲ್ಲ. ಅವರು ಕಟ್ಟಿದ ಸಂಸ್ಥೆಗಳಲ್ಲಿ ಗಿಡಮರಗಳಿಗೆ ಸಿಕ್ಕ ಮನ್ನಣೆ ಯಂತ್ರಗಳಿಗೆ ಸಿಕ್ಕುದಕ್ಕಿಂತ ಕಡಿಮೆಯದಲ್ಲ.

ಕನ್ನಡ ನಾಡಿನ ನಂಟೂ ಕಡಿಯಲಿಲ್ಲ. ಆಕಾಶದಲ್ಲಿ ಅಳೆದ ಕಣಗಳನ್ನು ಪಾತಾಳದಲ್ಲಿಯೂ ಅಳೆಯಬೇಕೆಂದು ಅವರ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದ ಆರಂಭದಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಇಳಿದರು. ವಾಯುಮಂಡಲದ ಒಟ್ಟು ತೂಕವು ಸುಮಾರು 10 ಮೀಟರ್ ನೀರಿನ ತೂಕಕ್ಕೆ ಸಮ. ಕೋಲಾರದಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ತಲೆಯ ಮೇಲಿದ್ದ ಬಂಡೆಯ ತೂಕವು ಸಾವಿರಾರು ಮೀಟರ್ ನೀರಿನ ತೂಕಕ್ಕೆ ಸಮನಾಗಿತ್ತು. ಮಿಕ್ಕೆಲ್ಲ ಕಣಗಳನ್ನೂ ಆ ಬಂಡೆ ಸೋಸಿಬಿಟ್ಟ ಮೇಲೆ, 1965ರಲ್ಲಿ ಅಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಪತ್ತೆಯಾಯಿತು. ಜಗತ್ತಿನಲ್ಲಿಯೇ ಅಂತಹ ಮೊದಲ ಶೋಧಗಳಲ್ಲಿ ಅದೂ ಒಂದು.

ಕೊನೆಯ ಪಯಣ

1966ರ ಜನವರಿ ಭಾರತಕ್ಕೆ ಶೋಕದ ತಿಂಗಳಾಗಿತ್ತು. 11ರಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ನಿಧನರಾದರು. 24ರಂದು ಶ್ರೀಮತಿ ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅದೇ ದಿನ ಬೆಳಗ್ಗೆ, ವಿಯನ್ನಾದಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಭೆಗೆ ಹೊರಟಿದ್ದ ಭಾಭಾ ಅವರಿದ್ದ ಏರ್ ಇಂಡಿಯಾದ ಬೋಯಿಂಗ್ 707, ಕಾಂಚನಜಂಗಾ ಎಂಬ ಹೆಸರಿನ ವಿಮಾನ, ಆಲ್ಪ್ಸ್ ಪರ್ವತಗಳನ್ನು ದಾಟಿ ಜಿನೀವಾದಲ್ಲಿ ಇಳಿಯಲು ಸಿದ್ಧವಾಗುತ್ತಿತ್ತು.

ಮುಂಬಯಿ, ದೆಹಲಿ, ಬೈರೂತ್‌ಗಳ ಮಾರ್ಗವಾಗಿ ಬಂದಿದ್ದ ಆ ವಿಮಾನದಲ್ಲಿ ದಿಕ್ಕು ಮತ್ತು ಸ್ಥಾನಗಳನ್ನು ತಿಳಿಸುವ ಎರಡು ರೇಡಿಯೋ ಗ್ರಾಹಕಗಳಿದ್ದವು. ಅವುಗಳಲ್ಲಿ ಒಂದು ಬೈರೂತಿನಿಂದ ಹೊರಟಾಗಲೇ ಕೆಟ್ಟಿತ್ತು. ಎರಡನೆಯ ಸಾಕ್ಷಿ ಮೌನವಾಗಿತ್ತು. ವಿಮಾನವು ಮಾಪಕದ 19,000 ಅಡಿಗಳ ಮಟ್ಟಕ್ಕೆ ಇಳಿದ ಬಳಿಕ, ಮಾಂಟ್ ಬ್ಲಾಂಕ್ ಶಿಖರದ ಪಕ್ಕದಲ್ಲಿ ಹಾಯುತ್ತಿರುವುದಾಗಿ ಚಾಲಕರು ಜಿನೀವಾಕ್ಕೆ ತಿಳಿಸಿದರು. ರೇಡಾರಿನಲ್ಲಿ ನೋಡುತ್ತಿದ್ದ ಅಧಿಕಾರಿಗೆ ವಿಮಾನವು ಇನ್ನೂ ಶಿಖರವನ್ನು ದಾಟಿಲ್ಲವೆಂಬುದು ಕಂಡಿತು. ಶಿಖರಕ್ಕೆ ಇನ್ನೂ ಐದು ಮೈಲಿಗಳಿವೆಯೆಂಬ ಅರ್ಥದಲ್ಲಿ ಅವರು ಸಂದೇಶ ಕಳುಹಿಸಿದರು. ಆದರೆ ಮಾತು ಸಾಕಷ್ಟು ಸ್ಪಷ್ಟವಾಗಿರದ ಕಾರಣ, ಶಿಖರವು ಹಿಂದೆ ಉಳಿಯಿತೆಂದೇ ಚಾಲಕರು ತಿಳಿದರು. ವಿಮಾನವು ಕೆಳಗಿಳಿಯತೊಡಗಿತು. ಸ್ಥಳೀಯ ಕಾಲಮಾನ ಬೆಳಗಿನ 8 ಗಂಟೆ 2 ನಿಮಿಷಕ್ಕೆ, ಸುಮಾರು 15,585 ಅಡಿಗಳ ಎತ್ತರದಲ್ಲಿ, ತುದಿಗಿಂತ ಸುಮಾರು 200 ಅಡಿಗಳಷ್ಟು ಮಾತ್ರ ಕೆಳಗೆ, ಅದು ಹಿಮದ ಇಳಿಜಾರಿಗೆ ಅಪ್ಪಳಿಸಿತು. ಪ್ರಯಾಣಿಕರೂ ಸಿಬ್ಬಂದಿಯೂ ಸೇರಿ 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 1950ರ ನವೆಂಬರ್ 3ರಂದು ಏರ್ ಇಂಡಿಯಾದ್ದೇ ಆದ ಮಲಬಾರ್ ಪ್ರಿನ್ಸೆಸ್ ವಿಮಾನವು 48 ಜನರೊಡನೆ ನಾಶವಾದದ್ದೂ ಇದೇ ಪರ್ವತದಲ್ಲಿ, ಬಹುತೇಕ ಇದೇ ಎಡೆಯಲ್ಲಿ.

ಈ ದುರಂತದ ಬಗ್ಗೆ ಮುಂದೆ ಹಲವು ಊಹಾಪೋಹಗಳು ಹುಟ್ಟಿಕೊಂಡವು. ಫ್ರಾನ್ಸಿನ ತನಿಖಾ ಆಯೋಗವು 1967ರಲ್ಲಿ ಕಂಡುಕೊಂಡ ಕಾರಣವಾದರೋ ಮೇಲೆ ಹೇಳಿದುದೇ: ಸ್ಥಾನದ ತಪ್ಪು ಅಂದಾಜು, ತಿದ್ದಲೆಂದು ಬಂದ ಮಾತಿನ ಅಸ್ಪಷ್ಟತೆ. ಎತ್ತರಮಾಪಕದ ಮೇಲೆ ಆಯೋಗವು ದೋಷ ಹೊರಿಸಲಿಲ್ಲ. ಈ ಅಂಶವನ್ನು ನೆನಪಿನಲ್ಲಿಡುವುದು ನ್ಯಾಯ. ಒತ್ತಡ, ಉಷ್ಣತೆಗಳ ತಿದ್ದುಪಡಿ ಎಷ್ಟೇ ನಿಷ್ಕೃಷ್ಟವಾಗಿರಲಿ, ಅದು ತಾನು ಎಷ್ಟು ಮೇಲಿದ್ದೇನೆಂಬ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಬಲ್ಲದು. ಕೆಳಗೆ ಇರುವುದು ಕಣಿವೆಯೋ ಶಿಖರವೋ ಎಂಬ ಇನ್ನೊಂದು ಪ್ರಶ್ನೆಗೆ ಬೇರೆ ಸಾಕ್ಷಿಯೇ ಬೇಕು. ಎರಡೂ ಉತ್ತರಗಳು ಕೂಡಿದಾಗಲೇ ದಾರಿ ನಿರ್ಭಯ. ಮುಂದಿನ ದಶಕಗಳಲ್ಲಿ, ನೆಲವು ಸಮೀಪಿಸಿದಾಗ ಚಾಲಕನನ್ನು ಕೂಗಿ ಎಚ್ಚರಿಸುವ ಉಪಕರಣಗಳು ಬಂದವು. ಪರ್ವತಗಳ ನಕಾಶೆಯನ್ನೇ ಒಳಗೊಂಡ ಯಂತ್ರಗಳೂ ಬಂದವು. ಅವೆಲ್ಲವೂ ಒಂದು ಅರ್ಥದಲ್ಲಿ ಆ ಎರಡನೆಯ ಸಾಕ್ಷಿಗಳೇ.

ಐವತ್ತಾರನೆಯ ವಯಸ್ಸಿನಲ್ಲಿಯೇ ಕಣ್ಮರೆಯಾದ ಭಾಭಾ ಅವರ ಸ್ಮರಣಾರ್ಥ 1967ರ ಜನವರಿಯಲ್ಲಿ ಟ್ರಾಂಬೆಯ ಸಂಸ್ಥೆಗೆ ಭಾಭಾ ಪರಮಾಣು ಸಂಶೋಧನಾ ಕೇಂದ್ರವೆಂಬ ಹೆಸರನ್ನಿಡಲಾಯಿತು. ಅವರು ಬಿಟ್ಟುಹೋದ ಸಂಸ್ಥೆಗಳು ಅವರಿಲ್ಲದೆಯೂ ನಿಂತವು, ಬೆಳೆದವು. ತಾವಿಲ್ಲದ ಕಾಲಕ್ಕೂ ಜನರನ್ನು ಸಿದ್ಧಪಡಿಸಿಡುವುದೇ ಅವರು 1944ರ ಪತ್ರದಲ್ಲಿ ಕಂಡ ಕನಸಾಗಿತ್ತು. ಸಂಸ್ಥಾನದ ವಿದ್ಯಾ ಇಲಾಖೆಯನ್ನು ನಡೆಸಿದ ತಾತನ ಮೊಮ್ಮಗನಿಗೆ ಅದು ತಕ್ಕ ಕನಸೇ ಸರಿ.

ಶಾಲೆಯ ಪ್ರಯೋಗಶಾಲೆಯಲ್ಲಿ ಗೋಡೆಗೆ ತೂಗುಹಾಕಿದ ಒಂದು ವಾಯುಭಾರಮಾಪಕ, ಅದರ ಪಕ್ಕದಲ್ಲಿ ಒಂದು ಉಷ್ಣತಾಮಾಪಕ, ದಿನವೂ ಅವೆರಡನ್ನೂ ಓದಿ ಬರೆದಿಡಲು ಒಂದು ಪುಸ್ತಕ, ಇವಿಷ್ಟೇ ಸಾಕು, ಅಳತೆಯ ಶಿಸ್ತು ಆರಂಭವಾಗಲು. ಮುಳ್ಳು ತೋರಿಸಿದ ಅಂಕಿಯನ್ನು ಹಾಗೆಯೇ ಒಪ್ಪದೆ, ಅದಕ್ಕೆ ತಕ್ಕ ತಿದ್ದುಪಡಿಯನ್ನು ಮಾಡಿ, ಇನ್ನೊಂದು ಸಾಕ್ಷಿಯೊಡನೆ ತಾಳೆ ನೋಡುವ ಅಭ್ಯಾಸ ಎಳೆಯರಲ್ಲಿ ಬೇರೂರಿದರೆ, ಬೆಂಗಳೂರಿನ ಆಕಾಶದಲ್ಲಿ ಭಾಭಾ ಅವರು ನಡೆಸಿದ ಆ ಎಣಿಕೆಯ ಕಾರ್ಯ ಮುಂದುವರಿದಂತೆಯೇ ಆಗುತ್ತದೆ.